ಸರಪಳಿ ಬಿಚ್ಚಿ ಸ್ಟಾರ್ ಕಟ್ಟಿದ್ದು: ಒಂದು ಕಾಫಿ ಕ್ಯೂರಿಂಗ್ ಘಟಕದ ನೆಟ್‌ವರ್ಕ್ ಕೆಲಸ

ಕೊಡಗಿನ ಸುಂಟಿಕೊಪ್ಪದ ಕಡೆಯ, ಕಾಫಿಯನ್ನು ಸಂಸ್ಕರಿಸುವ ಕ್ಯೂರಿಂಗ್ ಘಟಕವೊಂದರಿಂದ ಬಂದ ದೂರು ಒಂದೇ ವಾಕ್ಯದ್ದು: "ಮಿಷನ್ ಹಾಲ್‌ನಲ್ಲಿ ಕರೆಂಟ್ ತೆಗೆದರೆ ಗೇಟಿನಲ್ಲಿ ಬಿಲ್ ನಿಲ್ಲುತ್ತದೆ." ಅಲ್ಲಿ ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರದ ಬೆಲ್ಟ್ ಬದಲಿಸಲು ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ ಇಳಿಸಿದಾಗಲೆಲ್ಲ ಗೇಟಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಕ್ಯಾಬಿನ್‌ನ ಕಂಪ್ಯೂಟರಿಗೆ ಕಚೇರಿಯ ಸರ್ವರ್ ಸಿಗುತ್ತಿರಲಿಲ್ಲ. ಇಷ್ಟು ಖಚಿತವಾದ ದೂರು ನಮ್ಮ ಕಸುಬಿನಲ್ಲಿ ಅಪರೂಪ. ಸಾಮಾನ್ಯವಾಗಿ "ನೆಟ್ ಸ್ಲೋ ಇದೆ" ಎನ್ನುವಲ್ಲಿಗೆ ಗಿರಾಕಿಯ ಮಾತು ಮುಗಿದಿರುತ್ತದೆ, ಉಳಿದದ್ದನ್ನು ನಾವೇ ಊಹಿಸಬೇಕು.

ಮ್ಯಾನೇಜರ್ ಹಾಕಿದ ಷರತ್ತೂ ಒಂದೇ: ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯೊಳಗೆ ಮುಗಿಯಬೇಕು. ಅರೇಬಿಕಾ ಬರಲು ಶುರುವಾದರೆ ಗೇಟಿನ ಮುಂದೆ ಲಾರಿ, ಪಿಕಪ್‌ಗಳ ಸಾಲು ನಿಲ್ಲುತ್ತದೆ. ಅದರ ಬೆನ್ನಿಗೇ ರೋಬಸ್ಟಾ. ಆಮೇಲೆ ಫೆಬ್ರವರಿ ಕಳೆಯುವವರೆಗೆ ಅಲ್ಲಿ ಯಾರಿಗೂ ತಂತಿಯ ವಿಷಯ ಕೇಳುವಷ್ಟು ಪುರುಸೊತ್ತು ಇರುವುದಿಲ್ಲ.

ಆವರಣದಲ್ಲಿ ಆರು ಕಟ್ಟಡಗಳಿವೆ: ಕಚೇರಿ, ಅದರ ಪಕ್ಕದಲ್ಲಿ ತೇವಾಂಶ ನೋಡುವ, ಕಾಫಿ ರುಚಿ ನೋಡುವ ಪ್ರಯೋಗಾಲಯ, ಮಿಷನ್ ಹಾಲ್, ಹಳೆಯ ಗೋದಾಮು, ಹೊಸ ಗೋದಾಮು, ಗೇಟಿನ ಬಳಿಯ ವೇಬ್ರಿಡ್ಜ್ ಕ್ಯಾಬಿನ್. ಹಳೆಯ ಜಾಲವನ್ನು ಕಚೇರಿಯಿಂದ ಶುರುಮಾಡಿ ತಂತಿ ಹಿಡಿದುಕೊಂಡೇ ನಡೆದೆ. ಅದು ಕಚೇರಿಯಿಂದ ಪ್ರಯೋಗಾಲಯಕ್ಕೆ, ಅಲ್ಲಿಂದ ಮಿಷನ್ ಹಾಲ್‌ಗೆ, ಅಲ್ಲಿಂದ ಹಳೆಯ ಗೋದಾಮಿಗೆ, ಹೊಸ ಗೋದಾಮಿಗೆ, ಕಟ್ಟಕಡೆಗೆ ಗೇಟಿಗೆ ಹೋಗಿತ್ತು. ಒಂದೊಂದು ಕಟ್ಟಡದಲ್ಲೂ ಐದು ಪೋರ್ಟಿನ (ತಂತಿ ಚುಚ್ಚುವ ಕಿಂಡಿಯ) ಪುಟ್ಟ ನೆಟ್‌ವರ್ಕ್ ಸ್ವಿಚ್, ಅಂದರೆ ಜಾಲದ ತಂತಿಗಳನ್ನು ಕೂಡಿಸುವ ಪೆಟ್ಟಿಗೆ, ಅದರ ಬೆನ್ನಿಗೆ ಕರೆಂಟ್ ಕೊಡುವ ಒಂದು ಪ್ಲಾಸ್ಟಿಕ್ ಅಡಾಪ್ಟರ್. ಮೊದಲು ಈ ಕೆಲಸ ಮಾಡಿದವರು ಹೀಗೇಕೆ ಸುತ್ತಿಸಿದರು ಎಂಬುದು ಟೇಪು ಹಿಡಿದಾಗ ತಿಳಿಯಿತು. ಕಚೇರಿಯಿಂದ ಗೇಟಿಗೆ ನೇರವಾಗಿ 140 ಮೀಟರ್. ತಾಮ್ರದ ಈಥರ್ನೆಟ್ ತಂತಿಗೆ ಮಿತಿ 100 ಮೀಟರ್, ಅದರಲ್ಲೂ ಗೋಡೆಗೆ ಕೂರಿಸುವ ಭಾಗ 90, ಎರಡು ತುದಿಯ ಗಿಡ್ಡ ಬಿಡಿ ತಂತಿಗಳಾದ ಪ್ಯಾಚ್ ಕಾರ್ಡ್‌ಗಳಿಗೆ ಉಳಿದ 10. ನೇರ ಹೋಗಲಾಗದ ಕಾರಣ ಕಟ್ಟಡದಿಂದ ಕಟ್ಟಡಕ್ಕೆ ಹಾರಿಸಿದ್ದಾರೆ. ಹೀಗೆ ಇಡೀ ಘಟಕದಲ್ಲಿ ಒಂದು ನಿಮಿಷವೂ ನಿಲ್ಲಬಾರದ ಕಂಪ್ಯೂಟರ್ ಸರಪಳಿಯ ಬಾಲದಲ್ಲಿ ಕುಳಿತಿತ್ತು. ದಾರಿಯ ನಾಲ್ಕು ಅಡಾಪ್ಟರ್‌ಗಳಲ್ಲಿ ಯಾವುದೊಂದು ಕೈಕೊಟ್ಟರೂ ಗೇಟು ಕುರುಡು.

ಗೋದಾಮಿನ ಕಡೆಗೆ ಹೋಗುವ ತಂತಿಯನ್ನು ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಿದ್ದರು. ಮರದ ತುಂಬ ಮೆಣಸಿನ ಬಳ್ಳಿ. ಪ್ರತಿ ವರ್ಷ ಮೆಣಸು ಕೊಯ್ಯಲು ಬಿದಿರಿನ ಏಣಿ ಒರಗಿಸುವವರಿಗೆ ಬಳ್ಳಿಯೊಳಗೆ ಅಡಗಿದ ಕರಿ ತಂತಿ ಕಾಣುವುದಾದರೂ ಹೇಗೆ? ಹಳೆಯ ಗೋದಾಮಿನ ಮಾಡಿನ ಕೆಳಗೆ ಕನೆಕ್ಟರ್ ಕಿತ್ತು ಬೆಳಕಿಗೆ ಹಿಡಿದೆ. ಎಂಟು ಪಿನ್‌ಗಳಲ್ಲಿ ಎರಡಕ್ಕೆ ಹಸಿರು ಕಿಲುಬು ಹಿಡಿದಿತ್ತು. ಅರ್ಧ ಅಡಿ ಹಿಂದಕ್ಕೆ ಹೊದಿಕೆ ಸೀಳಿದರೆ ಒಳಗಿಂದ ನೀರು ತೊಟ್ಟಿಕ್ಕಿತು. ಮರದ ಮೇಲೆಲ್ಲೋ ಏಣಿ ತಗುಲಿ ಹೊದಿಕೆ ಹರಿದಿದೆ, ಜೂನ್‌ನಿಂದ ಸುರಿದ ಮಳೆ ಆ ತೂತಿನಲ್ಲಿ ಇಳಿದು ತಂತಿಯನ್ನೇ ಕೊಳವೆ ಮಾಡಿಕೊಂಡು ಸ್ವಿಚ್‌ವರೆಗೆ ಬಂದಿದೆ. ಈ ತಂತಿಯೊಳಗೆ ಎರಡೆರಡಾಗಿ ಹೆಣೆದ ನಾಲ್ಕು ಜೋಡಿ ಬಣ್ಣದ ಎಳೆಗಳಿರುತ್ತವೆ. ನೀಲಿ ಜೋಡಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಕೆಂಪು ಹೋಗಿ ಬಿಳಿ ಕಾಣಿಸಿತು. ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ! ಡಬ್ಬದ ಮೇಲೆ ಕ್ಯಾಟ್ 6 (ಜಾಲದ ತಂತಿಯ ಒಂದು ದರ್ಜೆ) ಎಂದು ಅಚ್ಚಾಗಿದ್ದರೂ ಇದು ಆ ಮಾನದಂಡಕ್ಕೆ ಸಲ್ಲದ ಮಾಲು. ರೋಧ ಹೆಚ್ಚು, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ತಂತಿಯ ಮೂಲಕವೇ ಕ್ಯಾಮೆರಾಕ್ಕೆ ವಿದ್ಯುತ್ ಕಳಿಸಿದರೆ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ತಂತಿ ಕೊಳ್ಳುವವರು ಅಂಗಡಿಯಲ್ಲೇ ಒಂದು ಎಳೆ ಕೆರೆದು ನೋಡಬೇಕು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈ ಹಳೆಯ ಗೋದಾಮಿನ ಲೈನ್ ಸಾವಿರ ಎಂಬಿಪಿಎಸ್ ಬದಲು ನೂರಕ್ಕೇ ನಿಂತಿತ್ತು. ಗಿಗಾಬಿಟ್‌ಗೆ (ಆ ಸಾವಿರಕ್ಕೆ) ನಾಲ್ಕೂ ಜೋಡಿ ಬೇಕು. ನೂರು ಎಂಬಿಪಿಎಸ್‌ಗೆ ಕಿತ್ತಳೆ, ಹಸಿರು ಎಂಬ ಎರಡೇ ಜೋಡಿ ಸಾಕು. ನೀಲಿ ಜೋಡಿ ಕೊಳೆತರೂ ಲೈಟು ಉರಿಯುತ್ತಲೇ ಇರುತ್ತದೆ, ಎಲ್ಲವೂ ಸರಿಯಿದೆ ಎಂದು ಜನ ನಂಬುತ್ತಾರೆ.

ಈಗ ವಿನ್ಯಾಸದ ಮಾತು. ಮ್ಯಾನೇಜರ್ ಒಬ್ಬ ಮಾರಾಟಗಾರನಿಂದ ಆಗಲೇ ಮೆಶ್ ವೈಫೈಗೆ ದರಪಟ್ಟಿ ತರಿಸಿದ್ದರು. "ತಂತಿಯೇ ಬೇಡವಂತಲ್ಲ ಸಾರ್, ಮತ್ತೆ ಯಾಕೆ ಅಗೆಯಬೇಕು?" ಎಂದರು. ರದ್ದಾದ ಗೇಟ್‌ಪಾಸ್ ಒಂದರ ಬೆನ್ನಿನ ಮೇಲೆ ಆರು ಚುಕ್ಕೆ ಇಟ್ಟು ಲೆಕ್ಕ ಶುರುಮಾಡಿದೆವು.

ಮೆಶ್ ಎಂದರೆ ಪ್ರತಿ ಚುಕ್ಕೆಗೂ ಉಳಿದೆಲ್ಲ ಚುಕ್ಕೆಗಳ ಸಂಪರ್ಕ. ಆರು ಕಟ್ಟಡಕ್ಕೆ ಪೂರ್ತಿ ತಂತಿ ಎಳೆದರೆ ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಬೇಕು: 15 ಲೈನ್. ಏಳನೆಯ ಕಟ್ಟಡ ಎದ್ದರೆ 21. ದೂರವಾಣಿ ಕಂಪನಿಗಳ ಬೆನ್ನೆಲುಬು ಜಾಲಕ್ಕೆ ಇದರ ಹತ್ತಿರದ ವಿನ್ಯಾಸ ಸರಿ, ಕಾಫಿ ಗೋದಾಮಿಗೆ ದುಂದು. ಮಾರಾಟಗಾರ ಹೇಳಿದ ನಿಸ್ತಂತು ಮೆಶ್‌ನಲ್ಲಿ ಅಗೆತವೇನೋ ಉಳಿಯುತ್ತದೆ. ಆದರೆ ಒಂದೇ ರೇಡಿಯೋ ಇರುವ ಪೆಟ್ಟಿಗೆ ಕೇಳಿಸಿಕೊಂಡು, ಅದನ್ನೇ ಮುಂದಕ್ಕೆ ಹೇಳಬೇಕು. ಹಾಗಾಗಿ ಒಂದೊಂದು ಜಿಗಿತಕ್ಕೂ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಮೇಲೆ ತಗಡಿನ ಮಾಡು, ನಡುವೆ ಆಳೆತ್ತರ ಪೇರಿಸಿದ ಗೋಣಿಚೀಲ, ಯಂತ್ರಗಳ ಕಬ್ಬಿಣ. ಚೀಲದ ರಾಶಿ ಜಾಗ ಬದಲಿಸಿದ ದಿನ ಸಿಗ್ನಲ್ಲೂ ಬದಲಾಗುತ್ತದೆ. ಮೇಲ್ವಿಚಾರಕರು ಮೊಬೈಲ್ ಹಿಡಿದು ಓಡಾಡಲು ವೈಫೈ ಇರಲಿ, ಗೇಟಿನ ಬಿಲ್ಲನ್ನು ಅದಕ್ಕೆ ನೇತುಹಾಕುವುದು ಬೇಡ ಎಂದೆ.

ಬಸ್ ವಿನ್ಯಾಸ ಈಗ ಪಠ್ಯಪುಸ್ತಕದಲ್ಲಿ ಮಾತ್ರ ಇದೆ ಎನ್ನುತ್ತಾರೆ. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಈಥರ್ನೆಟ್ ಕಲ್ಪಿಸಿದ್ದೇ ಹಾಗೆ, ಒಂದು ಉದ್ದದ ತಂತಿ, ಅದಕ್ಕೆ ಅಂಟಿಕೊಂಡ ಕಂಪ್ಯೂಟರ್‌ಗಳು. ಆಮೇಲೆ ಕಚೇರಿಗಳಿಗೆ ಬಂದ ತೆಳು ಕೋಆಕ್ಸಿಯಲ್ ಕೇಬಲ್‌ನಲ್ಲಿ ಒಂದು ತುಂಡು 185 ಮೀಟರ್ ಮೀರುವಂತಿರಲಿಲ್ಲ, 30 ಯಂತ್ರಕ್ಕಿಂತ ಹೆಚ್ಚು ಜೋಡಿಸುವಂತಿರಲಿಲ್ಲ, ಎರಡು ತುದಿಗೂ 50 ಓಮ್‌ನ ಟರ್ಮಿನೇಟರ್ (ಸಂಕೇತವನ್ನು ಹೀರಿಕೊಳ್ಳುವ ಮುಚ್ಚಳ) ಇರಲೇಬೇಕಿತ್ತು. ನಡುವೆ ಎಲ್ಲಾದರೂ ತುಂಡಾದರೆ ಸಂಕೇತ ಆ ತುದಿಗೆ ಬಡಿದು ಹಿಂದಿರುಗಿ ಇಡೀ ಲೈನ್ ಮಲಗುತ್ತಿತ್ತು. ಇಲ್ಲಿದ್ದ ಸ್ವಿಚ್ ಸರಪಳಿ ವಿದ್ಯುತ್ತಿನ ಲೆಕ್ಕದಲ್ಲಿ ಬಸ್ ಅಲ್ಲ. ತುಂಡಾದರೆ ಅದರ ಆಚೆಯವರಷ್ಟೇ ಹೋಗುತ್ತಾರೆ, ಈಚೆಯವರು ಉಳಿಯುತ್ತಾರೆ. ಆದರೆ ಬಸ್‌ನ ಗುಣವನ್ನೇ ಅದು ಹೊತ್ತಿದೆ: ಎಲ್ಲರ ಅಳಿವು ಉಳಿವು ನಡುವಿನವರ ಕೈಯಲ್ಲಿ. ಸಣ್ಣ ವ್ಯಾಪಾರಗಳಲ್ಲಿ ನಾನು ನೋಡುವ ಹೆಚ್ಚಿನ ಜಾಲಗಳು ಇಂಥವೇ. ಯಾರೂ ಯೋಜಿಸಿ ಕಟ್ಟಿದ್ದಲ್ಲ, ಕೋಣೆಗೊಂದರಂತೆ ಬೆಳೆದುಕೊಂಡದ್ದು.

ರಿಂಗ್, ಅಂದರೆ ಸರಪಳಿಯ ಎರಡು ತುದಿಯನ್ನೂ ಸೇರಿಸಿದ ಉಂಗುರ. ಅದರ ಬಗ್ಗೆ ಮ್ಯಾನೇಜರಿಗೆ ಒಲವಿತ್ತು, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ ಎಂಬ ಮಾತು ಯಾರಿಗೆ ಇಷ್ಟವಾಗುವುದಿಲ್ಲ? ಐಬಿಎಂ 1985ರಲ್ಲಿ ಮಾರುಕಟ್ಟೆಗೆ ಬಿಟ್ಟ ಟೋಕನ್ ರಿಂಗ್‌ನಲ್ಲಿ ಟೋಕನ್ (ಮಾತಾಡುವ ಸರದಿಯ ಚೀಟಿ) ಸುತ್ತುವುದು ಉಂಗುರದಲ್ಲಾದರೂ ತಂತಿಗಳೆಲ್ಲ ನಡುವಿನ ಒಂದು ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ನಿಜವಾಗಿ ಮನೆಯಿಂದ ಮನೆಗೆ ಉಂಗುರ ಸುತ್ತಿದರೆ ಒಬ್ಬರು ಪ್ಲಗ್ ಕಿತ್ತರೆ ಸಾಕು ಎಲ್ಲರೂ ಹೋಗುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು. ಇವತ್ತಿನ ಈಥರ್ನೆಟ್ ಉಂಗುರ ಒಂದು ಕಡಿತವನ್ನು ತಾಳಿಕೊಳ್ಳುತ್ತದೆ, ಎರಡನ್ನಲ್ಲ. ಮಿಷನ್ ಹಾಲ್‌ನಲ್ಲಿ ಮೇನ್ ಇಳಿದಿರುವಾಗಲೇ ಗೋದಾಮಿನ ಅಡಾಪ್ಟರ್ ಸುಟ್ಟರೆ ನಡುವಿನವರು ದ್ವೀಪ.

ಸ್ಟಾರ್‌ಗೆ (ನಡುವಿನ ಒಂದೇ ಸ್ವಿಚ್‌ನಿಂದ ಎಲ್ಲ ಕಡೆಗೂ ಬೇರೆಬೇರೆ ಲೈನ್ ಹೋಗುವ ವಿನ್ಯಾಸಕ್ಕೆ) ಇರುವ ಬೈಗುಳ ಒಂದೇ, ಆ ನಡುವಿನ ಸ್ವಿಚ್ ಸತ್ತರೆ ಎಲ್ಲವೂ ಸಾಯುತ್ತದೆ. ಸರಿ, ಆದರೆ ಆ ಸ್ವಿಚ್ ಇರುವುದು ಕಚೇರಿಯಲ್ಲಿ, ಒಣ ಗೋಡೆಯ ಮೇಲೆ, ಯುಪಿಎಸ್ ಆಸರೆಯಲ್ಲಿ, ಸರ್ವರ್ ಪಕ್ಕದಲ್ಲಿ. ಅದು ಸತ್ತರೆ ಕಣ್ಣೆದುರಿಗೇ ಸಾಯುತ್ತದೆ. ಅದೇ ಸಂಯೋಜನೆ (ಸೆಟ್ಟಿಂಗ್) ತುಂಬಿಟ್ಟ ಇನ್ನೊಂದು ಸ್ವಿಚ್ ಬೀರುವಿನಲ್ಲಿದ್ದರೆ ಕಚೇರಿಯ ಗುಮಾಸ್ತರಾದ ರೈಟರ್ ಕೂಡ ಬದಲಿಸಬಲ್ಲರು. ಮಳೆಯಲ್ಲಿ ಟಾರ್ಚ್ ಹಿಡಿದು ಯಾವ ಗೋದಾಮಿನಲ್ಲಿ ಯಾವ ಅಡಾಪ್ಟರ್ ಹೋಗಿದೆ ಎಂದು ಹುಡುಕುವ ಕೆಲಸ ತಪ್ಪುತ್ತದೆ. ಕಚೇರಿಯಿಂದ ಪ್ರತಿ ಕಟ್ಟಡಕ್ಕೂ ಸ್ವಂತ ಲೈನ್, ಗೇಟಿಗೆ ಮಾತ್ರ ಎರಡನೆಯ ದಾರಿ. ಉಂಗುರ ಬೇಕಿದ್ದರೆ ಅಲ್ಲಿ ಬೇಕು, ಊರೆಲ್ಲ ಬೇಡ. ಮ್ಯಾನೇಜರ್ ಒಪ್ಪಿದರು.

ಕಟ್ಟಡಗಳ ನಡುವೆ ತಾಮ್ರ ಹಾಕುವುದಿಲ್ಲ ಎಂಬುದನ್ನು ಮಾತ್ರ ನಾನು ಚರ್ಚೆಗೆ ಬಿಡಲಿಲ್ಲ. ದೂರದ ಲೆಕ್ಕ ಹಾಗಿರಲಿ, ಕೊಡಗಿನಲ್ಲಿ ಏಪ್ರಿಲ್, ಮೇ ತಿಂಗಳ ಸಿಡಿಲು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸಿಡಿಲು ತಂತಿಗೇ ಹೊಡೆಯಬೇಕೆಂದಿಲ್ಲ. ಹತ್ತಿರದ ಮರಕ್ಕೆ ಹೊಡೆದರೂ ಆ ಕ್ಷಣಕ್ಕೆ ಒಂದು ಕಟ್ಟಡದ ಅರ್ತಿಂಗ್‌ಗೂ ಇನ್ನೊಂದರ ಅರ್ತಿಂಗ್‌ಗೂ ನಡುವೆ ಭಾರೀ ವೋಲ್ಟೇಜ್ ವ್ಯತ್ಯಾಸ ಏಳುತ್ತದೆ. ಎರಡನ್ನೂ ಜೋಡಿಸಿದ ತಾಮ್ರ ಸಿಕ್ಕರೆ ಅದರ ಮೂಲಕವೇ ಸಮನಾಗುತ್ತದೆ, ಎರಡು ತುದಿಯ ಸ್ವಿಚ್‌ಗಳನ್ನು ಸುಟ್ಟುಕೊಂಡು. ಫೈಬರ್ ಎಂದರೆ ಗಾಜಿನ ಎಳೆ. ಬೆಳಕು ಹಾಯುತ್ತದೆ, ವಿದ್ಯುತ್ ಹಾಯುವುದಿಲ್ಲ. ಮೀಟರ್ ದರ ನೋಡಿದರೂ ಈಗ ಫೈಬರ್ ದುಬಾರಿಯಲ್ಲ, ಖರ್ಚಿನ ದೊಡ್ಡ ಪಾಲು ಹೋದದ್ದು ಗುದ್ದಲಿಗೆ.

ಆರು ಎಳೆಯ ಸಿಂಗಲ್ ಮೋಡ್ (ಬೆಳಕಿಗೆ ಒಂದೇ ದಾರಿಯಿರುವ ತೆಳು ತಿರುಳಿನ) ಫೈಬರ್ ಕೇಬಲ್ ತರಿಸಿದೆ, ಎರಡು ಎಳೆ ಬಳಕೆಗೆ, ನಾಲ್ಕು ಮುಂದಿನ ದಿನಕ್ಕೆ. ಗೋದಾಮಿನಲ್ಲಿ ಹೆಗ್ಗಣ, ತೋಟದಲ್ಲಿ ಮುಳ್ಳುಹಂದಿ ಇರುವುದರಿಂದ ಒಳಗೆ ಉಕ್ಕಿನ ಪಟ್ಟಿ ಸುತ್ತಿದ ಬಗೆಯದ್ದೇ ಬೇಕಿತ್ತು. ಇದರಲ್ಲೊಂದು ಸೂಕ್ಷ್ಮವಿದೆ. ಗಾಜು ವಿದ್ಯುತ್ ಹಾಯಿಸದಿದ್ದರೂ ಆ ಉಕ್ಕಿನ ಪಟ್ಟಿ ಹಾಯಿಸುತ್ತದೆ! ಸಿಡಿಲಿಗೆ ಹೆದರಿ ಫೈಬರ್ ಹಾಕಿ, ಪಟ್ಟಿಯನ್ನು ಎರಡೂ ಕಡೆ ರ‍್ಯಾಕಿನ ಕಬ್ಬಿಣಕ್ಕೆ ತಾಗಿಸಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಕಚೇರಿಯ ಕಡೆ ಮಾತ್ರ ಅರ್ತಿಂಗ್‌ಗೆ ಕಟ್ಟಿ, ಇನ್ನೊಂದು ಕಡೆ ಕಟ್ಟಡದ ಹೊರಗೇ ಪಟ್ಟಿಯನ್ನು ಕತ್ತರಿಸಿ ಮುಚ್ಚಿದೆವು.

ಅಗೆತದ ದಾರಿ ಗುರುತಿಸಲು ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ನಾನು ಕಚೇರಿಯಿಂದ ಗೇಟಿಗೆ ಸುಣ್ಣದಲ್ಲಿ ನೇರ ಗೆರೆ ಎಳೆಯಬೇಕೆಂದಿದ್ದೆ. ಅವರು ನಡುವಿನ ಹಲಸಿನ ಮರ ತೋರಿಸಿದರು. "ಹಣ್ಣಿನ ಕಾಲಕ್ಕೆ ಆನೆ ಇಲ್ಲಿಗೇ ಬರುವುದು ಸಾರ್. ಒದ್ದೆ ಮಣ್ಣಿನಲ್ಲಿ ಕಾಲು ಮೊಣಕಾಲುದ್ದ ಇಳಿಯುತ್ತದೆ. ನಿಮ್ಮ ಪೈಪ್ ಚಪ್ಪಟೆ." ಗೆರೆ ಮರವನ್ನು ದೂರದಿಂದ ಬಳಸಿಕೊಂಡು ಹೋಯಿತು. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ನೇರ ಕಾಲುವೆ ತೆಗೆಯುವುದಕ್ಕೆ ನಾನೂ ಒಪ್ಪುವವನಲ್ಲ. ತುಂಬಿದ ಮಣ್ಣು ಎಷ್ಟು ಗಟ್ಟಿ ಮಾಡಿದರೂ ಸಡಿಲವೇ, ಮಳೆನೀರು ಅದನ್ನೇ ದಾರಿ ಮಾಡಿಕೊಳ್ಳುತ್ತದೆ. 2018ರ ಆಗಸ್ಟ್‌ನಲ್ಲಿ ಈ ಜಿಲ್ಲೆಯ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೆ ಸಣ್ಣ ಕಾಲುವೆಗೂ ಇಳಿಜಾರಿಗೆ ಅಡ್ಡವಾದ ದಾರಿಯನ್ನೇ ಹುಡುಕುತ್ತೇನೆ. ಹಾಗೆ ಹೋದಲ್ಲಿ ಸಿಕ್ಕಿದ್ದು ಕಾಫಿ ಸಾಲಿನ ನಡುವಿನ ತೊಟ್ಟಿಲು ಗುಂಡಿಗಳು. ನೀರು ಇಂಗಿಸಲು ವರ್ಷವರ್ಷವೂ ಅವುಗಳ ಹೂಳು ತೆಗೆಯುತ್ತಾರೆ. ಆದ್ದರಿಂದ ಅಲ್ಲೆಲ್ಲ ಪೈಪನ್ನು ಗುಂಡಿಯ ಸಾಲಿನಿಂದ ಪಕ್ಕಕ್ಕೆ ಸರಿಸಿದೆವು. ಎರಡೂವರೆ ಅಡಿ ಆಳ, ಎಚ್‌ಡಿಪಿಇ ಪೈಪು, ಅರ್ಧ ಮಣ್ಣು ತುಂಬಿದ ಮೇಲೆ ಎಚ್ಚರಿಕೆಯ ಹಳದಿ ಪಟ್ಟಿ, ಪೈಪಿನೊಳಗೆ ಮುಂದೆ ಬೇಕಾದರೆ ಎಳೆಯಲು ಒಂದು ನೈಲಾನ್ ಹಗ್ಗ.

ಗೇಟಿಗೆ ಎರಡನೆಯ ದಾರಿ ಹೊಸ ಗೋದಾಮಿನಿಂದ ಕಾಂಪೌಂಡ್ ಗೋಡೆಗುಂಟ ಕ್ಲಾಂಪ್ ಹಾಕಿಕೊಂಡು ಹೋಯಿತು. ಇನ್ನೊಂದು ಕೇಬಲ್ಲನ್ನು ಅದೇ ಪೈಪಿನಲ್ಲಿ ತುರುಕಿದರೆ ಅಗೆತ ಉಳಿಯುತ್ತದಲ್ಲ ಎಂದು ರೈಟರ್ ಕೇಳಿದರು. ಜೆಸಿಬಿ ಹಲ್ಲಿಗೆ ಒಂದು ಪೈಪಿನಲ್ಲಿ ಎಷ್ಟು ಕೇಬಲ್ ಇದೆ ಎಂಬ ಲೆಕ್ಕವಿಲ್ಲ ಎಂದೆ, ನಕ್ಕು ಒಪ್ಪಿದರು.

ಎಳೆ ಬೆಸೆಯುವ ಕೆಲಸಕ್ಕೆ ಕೂತಾಗ ಹಿಂಗಾರಿನ ಜಿನುಗು ಶುರುವಾಗಿತ್ತು. ಮಿಷನ್ ಹಾಲ್‌ನ ಜಗಲಿಗೆ ಟಾರ್ಪಾಲು ಕಟ್ಟಿ, ಮೇಜಿನ ಮೇಲೆ ಹಳೆಯ ಬಿಳಿ ಪಂಚೆ ಹಾಸಿ ಫ್ಯೂಷನ್ ಯಂತ್ರ ಇಟ್ಟೆ. ಬಿಳಿ ಬಟ್ಟೆಯ ಮೇಲೆ ಬಣ್ಣದ ಎಳೆ ಬೇಗ ಕಣ್ಣಿಗೆ ಬೀಳುತ್ತದೆ. ಸ್ಟ್ರಿಪ್ಪರ್‌ನಿಂದ 250 ಮೈಕ್ರಾನ್‌ನ ಬಣ್ಣದ ಲೇಪ ಸುಲಿದರೆ ಉಳಿಯುವುದು 125 ಮೈಕ್ರಾನ್ ಗಾಜು. ಬೆಳಕು ಹರಿಯುವ ತಿರುಳು ಅದರೊಳಗೆ ಸುಮಾರು 9 ಮೈಕ್ರಾನ್. ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿದಾಗ ಕೀಚ್ ಎಂದು ಸಣ್ಣ ಸದ್ದು ಬಂದರೆ ಶುಚಿಯಾಗಿದೆ ಎಂದು ಅರ್ಥ. ಕ್ಲೀವರ್‌ನಲ್ಲಿ ಇಟ್ಟು ಒತ್ತಿದರೆ ತುದಿ ಎಳೆಗೆ ಲಂಬವಾಗಿ, ನುಣುಪಾಗಿ ಮುರಿಯುತ್ತದೆ. ತೇವದ ಗಾಳಿಯಲ್ಲಿ ಈ ಹಂತದಿಂದ ಮುಂದಕ್ಕೆ ತಡಮಾಡಬಾರದು. ಯಂತ್ರದ ಪರದೆಯ ಮೇಲೆ ಎರಡು ಬೂದು ಕಂಬಗಳು ಒಂದಕ್ಕೊಂದು ಎದುರಾಗಿ, ಹೊಂದಿಕೊಂಡು, ಕಿಡಿಯೊಂದು ಹಾಯ್ದು, ಒಂದೇ ಕಂಬವಾದವು. ನಷ್ಟದ ಅಂದಾಜು 0.02 ಡೆಸಿಬೆಲ್. ಪಕ್ಕದಲ್ಲಿ ನಿಂತಿದ್ದ ಹಲ್ಲರ್ ಆಪರೇಟರ್ "ಅಣ್ಣಾ, ಆಯಿತಾ? ಇಷ್ಟೇನಾ?" ಎಂದು ಕೇಳಿದರು. ಕತ್ತರಿಸಿ ಬಿದ್ದ ಗಾಜಿನ ಚೂರುಗಳನ್ನು ಅಂಟುಪಟ್ಟಿಗೆ ಮೆತ್ತಿ ಡಬ್ಬಿಗೆ ಹಾಕುತ್ತಿದ್ದೆ. ಕೈಯಲ್ಲಿ ಸವರಿ ಒರೆಸಿಕೊಂಡರೆ ಚರ್ಮದೊಳಗೆ ಹೋದ ಚೂರು ಕಣ್ಣಿಗೂ ಕಾಣುವುದಿಲ್ಲ.

ಗೇಟಿನ ತುದಿಯಲ್ಲಿ ಸ್ವಿಚ್ ಮೈನಸ್ 6.8 ಡಿಬಿಎಂ ಬೆಳಕು ತೋರಿಸಿತು. ಡಿಬಿಎಂ ಬೆಳಕಿನ ಬಲದ ಅಳತೆ, ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ. ಫೈಬರನ್ನು ಸ್ವಿಚ್‌ಗೆ ಜೋಡಿಸುವ ಈ ಬಗೆಯ ಮಾಡ್ಯೂಲ್ ಮೈನಸ್ 20ರ ಹತ್ತಿರದವರೆಗೂ ಕೇಳಿಸಿಕೊಳ್ಳುತ್ತದೆ, ಆದ್ದರಿಂದ ಧಾರಾಳ. ಈ ಅಂಕಿಯನ್ನು ಕಟ್ಟಡವಾರು ಬರೆದಿಟ್ಟಿದ್ದೇನೆ. ಮುಂದೆ ಮೈನಸ್ 12 ಕಂಡರೆ ಎಲ್ಲೋ ಕೇಬಲ್ ಬಾಗಿದೆ ಅಥವಾ ಕನೆಕ್ಟರಿಗೆ ಬೂಸ್ಟು ಬಂದಿದೆ ಎಂದು ಜಾಲ ನಿಲ್ಲುವ ಮೊದಲೇ ತಿಳಿಯುತ್ತದೆ.

ಕಟ್ಟಡಗಳ ಒಳಗಿನ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ಶುದ್ಧ ತಾಮ್ರದ ಕ್ಯಾಟ್ 6, ಪ್ರತಿ ಮೇಜಿಗೂ ರ‍್ಯಾಕಿನಿಂದ ಸ್ವಂತ ತಂತಿ, ಎರಡೂ ತುದಿಗೆ ಎಳೆಗಳ ಬಣ್ಣ ಬಿಳಿಕಿತ್ತಳೆಯಿಂದ ಶುರುವಾಗುವ 'ಬಿ' ಕ್ರಮ, ಕನೆಕ್ಟರ್ ಬಳಿ ಜೋಡಿಯ ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚದಿರುವುದು. ಹೊರಗಿನಿಂದ ಬರುವ ಕೇಬಲ್ ಗೋಡೆ ಹೊಗುವ ಮುನ್ನ ಕೆಳಕ್ಕೆ ಬಾಗಿ ಮತ್ತೆ ಮೇಲೇರುವಂತೆ ಮಾಡಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕಾಗದದ ಚೀಟಿ ಇಲ್ಲಿನ ಮಳೆಗಾಲದಲ್ಲಿ ಬೂಸ್ಟು ಹಿಡಿದು ಉದುರುವುದರಿಂದ ಗುರುತಿಗೆ ಪ್ಲಾಸ್ಟಿಕ್ ಬಿಲ್ಲೆ ಕಟ್ಟಿದೆವು.

ಸ್ವಿಚ್‌ಗಳ ಸಂಯೋಜನೆಗೆ ಬಂದರೆ, ಕಚೇರಿ, ಗೇಟು, ಹೊಸ ಗೋದಾಮು ಈಗ ಒಂದು ತ್ರಿಕೋನ. ಏನೂ ಮಾಡದೆ ಬಿಟ್ಟರೆ ತ್ರಿಕೋನವೇ ಜಾಲವನ್ನು ಕೆಡವುತ್ತದೆ. ಈಥರ್ನೆಟ್ ಫ್ರೇಮಿಗೆ, ಅಂದರೆ ಜಾಲದಲ್ಲಿ ಸಾಗುವ ಮಾಹಿತಿಯ ತುಣುಕಿಗೆ, ಆಯುಷ್ಯದ ಲೆಕ್ಕವಿಲ್ಲ. ಎಲ್ಲರಿಗೂ ಎಂದು ಹೊರಟ ಒಂದು ಸಂದೇಶ ಸುತ್ತುಹಾದಿ ಸಿಕ್ಕರೆ ಸುತ್ತುತ್ತಲೇ, ಸುತ್ತಿಗೊಮ್ಮೆ ಮರಿಹಾಕುತ್ತಲೇ ಇರುತ್ತದೆ. ಇದಕ್ಕೆ ಮದ್ದು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್, 1985ರಲ್ಲಿ. ಅವರ ಸ್ಪ್ಯಾನಿಂಗ್ ಟ್ರೀ ಕ್ರಮದಲ್ಲಿ ಸ್ವಿಚ್‌ಗಳು ತಮ್ಮೊಳಗೆ ಮಾತಾಡಿಕೊಂಡು ಒಂದನ್ನು ಬೇರು ಎಂದು ಆರಿಸಿ, ಸುತ್ತು ಬೀಳುವ ಕಡೆ ಒಂದು ಪೋರ್ಟನ್ನು ಮುಚ್ಚಿಡುತ್ತವೆ. ಹಳೆಯ ರೂಪದಲ್ಲಿ ದಾರಿ ಬದಲಿಸಲು 30ರಿಂದ 50 ಸೆಕೆಂಡು ಹಿಡಿಯುತ್ತಿತ್ತು. 2001ರ ರ‍್ಯಾಪಿಡ್ ರೂಪ ಇದನ್ನು ಬಹಳ ತಗ್ಗಿಸಿತು. ಬೇರು ಯಾರೆಂಬುದನ್ನು ಅದೃಷ್ಟಕ್ಕೆ ಬಿಡಬಾರದು. ಆದ್ಯತೆಯ ಸಂಖ್ಯೆ ಕಡಿಮೆ ಇದ್ದದ್ದು ಬೇರಾಗುತ್ತದೆ. ಎಲ್ಲ ಸ್ವಿಚ್‌ಗಳ ಆದ್ಯತೆಯೂ 32768 ಎಂದೇ ಬರುತ್ತದೆ, ಸಮ ಬಂದಾಗ ಕಡಿಮೆ ಮ್ಯಾಕ್ ವಿಳಾಸದ್ದು (ತಯಾರಕರು ಕೊಟ್ಟ ಗುರುತಿನ ಸಂಖ್ಯೆಯದ್ದು) ಗೆಲ್ಲುತ್ತದೆ. ಅದು ಗೋದಾಮಿನದ್ದೇ ಆಗಿಬಿಡಬಹುದು. ಕಚೇರಿಯದನ್ನು 4096ಕ್ಕೆ ಇಳಿಸಿದೆ.

ಪರೀಕ್ಷೆಗೆ ಮ್ಯಾನೇಜರನ್ನೇ ಗೇಟಿನ ಕಂಪ್ಯೂಟರ್ ಮುಂದೆ ಕೂರಿಸಿ, ಸರ್ವರ್ ಸಿಗುತ್ತಿದೆಯೇ ಎಂದು ಮತ್ತೆ ಮತ್ತೆ ಕೇಳುವ ಪಿಂಗ್ ಓಡಲು ಬಿಟ್ಟು, ಕಚೇರಿಯಲ್ಲಿ ನೇರ ಫೈಬರ್ ಕಿತ್ತೆ. ಫೋನಿನಲ್ಲಿ ಅವರ ದನಿ: "ಒಂದು ಸಾಲು ತಪ್ಪಿತು. ಮತ್ತೆ ಬರುತ್ತಿದೆ." ಆಮೇಲೆ ಪ್ರಯೋಗಾಲಯದ ಹಳೆಯ ಐದು ಪೋರ್ಟಿನ ಸ್ವಿಚ್‌ಗೆ ಒಂದೇ ತಂತಿಯ ಎರಡೂ ತುದಿಯನ್ನು ಬೇಕೆಂದೇ ಚುಚ್ಚಿ ತೋರಿಸಿದೆ. ಲೈಟುಗಳೆಲ್ಲ ಒಟ್ಟಿಗೇ ಹುಚ್ಚೆದ್ದು ಮಿನುಗಿದವು. ಇಂಥ ಸಾದಾ ಸ್ವಿಚ್ ಸ್ಪ್ಯಾನಿಂಗ್ ಟ್ರೀಯ ಮಾತು ಆಡುವುದಿಲ್ಲವಾದ್ದರಿಂದ ಕಚೇರಿಯ ಸ್ವಿಚ್‌ನಲ್ಲಿ ಲೂಪ್ (ಸುತ್ತು) ಪತ್ತೆಮಾಡುವ ಸೌಲಭ್ಯ ಬೇರೆಯಾಗಿ ಹಾಕಿಟ್ಟಿದ್ದೆ. ಅದು ಪ್ರಯೋಗಾಲಯದ ಲೈನೊಂದನ್ನೇ ಮುಚ್ಚಿತು. ಗೇಟಿನಲ್ಲಿ ಪಿಂಗ್ ನಿಲ್ಲಲಿಲ್ಲ. ಹಳೆಯ ಸರಪಳಿಯಲ್ಲಿ ಇದೇ ಆಟ ಆಡಿದ್ದರೆ ಆರೂ ಕಟ್ಟಡ ಮಲಗುತ್ತಿದ್ದವು.

ಸುಗ್ಗಿ ತೊಂದರೆಯಿಲ್ಲದೆ ಕಳೆಯಿತು. ಏಪ್ರಿಲ್‌ನಲ್ಲಿ ಫೋನ್ ಬಂತು: ರಾತ್ರಿಯ ಸಿಡಿಲಿಗೆ ಮಿಷನ್ ಹಾಲ್‌ನ ಸ್ವಿಚ್ ಸುಟ್ಟಿದೆ, ಉಳಿದ ಐದು ಕಡೆ ಎಲ್ಲವೂ ನಡೆಯುತ್ತಿದೆ. ಹೋಗಿ ನೋಡಿದರೆ ಏಟು ಬಂದದ್ದು ಕರೆಂಟಿನ ಲೈನಿನಿಂದ, ವಿದ್ಯುತ್ ಪೂರೈಕೆಯ ಭಾಗ ಕಪ್ಪಾಗಿತ್ತು. ಫೈಬರ್ ಮಾಡ್ಯೂಲ್ ಕೂಡ ಅದರೊಟ್ಟಿಗೇ ಹೋಗಿತ್ತು. ಬೀರುವಿನ ಸ್ವಿಚ್ ಹಾಕಿ ಬಂದೆ. ಆ ಹಾಲ್‌ನ ಮೇನ್ ಬೋರ್ಡಿಗೆ ಸಿಡಿಲಿನಂಥ ಏಟನ್ನು ತಡೆಯುವ ಸರ್ಜ್ ಅರೆಸ್ಟರ್ ಕೂರಿಸಲು ಎಲೆಕ್ಟ್ರಿಷಿಯನ್ ಜೊತೆ ಮಾತಾಗಿದೆ, ಬೀರುವಿಗೆ ಇನ್ನೊಂದು ಸ್ವಿಚ್ ತರಿಸಲು ಬರೆದುಕೊಟ್ಟಿದ್ದೇನೆ.